ಕುಲಾಂತರಿ ಪೈರುಗಳ ನಿಷೇಧ: ಅಧಿಕಾರವು ಯಾರಿಗಿರಬೇಕು?

(ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್.ಎಜಿ., ಇವರಿಂದ)

ಒಂದು ಸೀಮೆಯಲ್ಲಿ ಯಾವ ಬೀಜವನ್ನು ಬಿತ್ತಬೇಕು, ಯಾವುದನ್ನು ಬಿತ್ತಬಾರದು ಎಂಬುದನ್ನು ಪೂರ್ವದಲ್ಲಿ ಆ ಸೀಮೆಯ ಮಣ್ಣು, ಮಳೆ, ಸಂತೆಯ ಧಾರಣೆ ಇವುಗಳೇ ತೀರ್ಮಾನಿಸುತ್ತಿದ್ದುವು. ರೈತನು ತನ್ನ ಕಣಜದಿಂದಲೋ ನೆರೆಯವನ ಕಣಜದಿಂದಲೋ ಬೀಜವನ್ನು ತೆಗೆದು ಬಿತ್ತುತ್ತಿದ್ದನು. ಅದು ನೆಲಕ್ಕೆ ಒಗ್ಗದಿದ್ದರೆ ಮರುವರ್ಷ ಅದನ್ನು ಬಿಟ್ಟುಬಿಡುತ್ತಿದ್ದನು. ಈಗ ಕಾಲವು ಬೇರೆಯಾಗಿದೆ. ಬೀಜವು ಪ್ರಯೋಗಶಾಲೆಯಲ್ಲಿ ಹುಟ್ಟಿ, ಕಾನೂನಿನ ಅನುಮತಿಯನ್ನು ಪಡೆದು, ಹಲವು ದೇಶಗಳ ಹೊಲಗಳಿಗೆ ಏಕಕಾಲದಲ್ಲಿ ಬರತಕ್ಕ ಸರಕಾಗಿದೆ. ಆದಕಾರಣ ಅನುಮತಿಯನ್ನು ಕೊಡತಕ್ಕವರು ಯಾರು, ಬೇಡವೆನ್ನತಕ್ಕ ಅಧಿಕಾರವು ಯಾರದು ಎಂಬ ವಿಷಯವು ವಿದ್ವಾಂಸರ ಮತ್ತು ವಕೀಲರ ಚರ್ಚೆಗೆ ಮಾತ್ರ ಬಿಡತಕ್ಕುದಲ್ಲ. ಹೊಲವನ್ನು ಉಳತಕ್ಕವರಿಗೂ ಅದು ಸೇರಿದುದಾಗಿದೆ.

ಈ ಪ್ರಶ್ನೆಯನ್ನು ಹಲವು ವರ್ಷಗಳ ಕಾಲ ಎದುರಿಸಿ, ಒಂದು ಬಗೆಯ ಉತ್ತರವನ್ನು ಕಾನೂನಿನ ರೂಪಕ್ಕೆ ತಂದಿರತಕ್ಕದ್ದು ಯೂರೋಪು ಖಂಡದ ಒಕ್ಕೂಟ. ನಮ್ಮದೂ ಅನೇಕ ರಾಜ್ಯಗಳುಳ್ಳ ಒಕ್ಕೂಟವಾಗಿರುವುದರಿಂದಲೂ, ಕುಲಾಂತರಿ ಪೈರುಗಳ ವಿಷಯವಾಗಿ ಕೇಂದ್ರ ಸರ್ಕಾರವು ಒಂದು ರಾಷ್ಟ್ರನೀತಿಯನ್ನು ರಚಿಸಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೨೪ನೆಯ ಇಸವಿ ಜುಲೈ ೨೩ರಂದು ನಿರ್ದೇಶಿಸಿರುವುದರಿಂದಲೂ, ಯೂರೋಪಿನವರ ಅನುಭವವನ್ನು ನಾವು ಗಮನವಿಟ್ಟು ನೋಡುವುದು ಪ್ರಯೋಜನಕರವೆಂದು ತೋರುತ್ತದೆ.

ಕುಲಾಂತರಿ ಪೈರೆಂದರೇನು?

ಒಂದು ಜೀವಿಯಲ್ಲಿರುವ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿ, ಅದನ್ನು ಬೇರೊಂದು ಕುಲದ ಗಿಡದೊಳಕ್ಕೆ ಸೇರಿಸಿ, ಆ ಗಿಡಕ್ಕೆ ಹೊಸ ಗುಣವೊಂದು ಬರುವಂತೆ ಮಾಡಿದರೆ ಅದು ಕುಲಾಂತರಿ ಪೈರೆನಿಸುವುದು. ನಮ್ಮ ರೈತರು ಬಲ್ಲ ಬಿ.ಟಿ. ಹತ್ತಿಯು ಈ ಜಾತಿಯದು. ನೆಲದಲ್ಲಿ ವಾಸಿಸತಕ್ಕ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಹತ್ತಿಯೊಳಕ್ಕೆ ಸೇರಿಸಿರುವುದರಿಂದ, ಕಾಯಿಕೊರಕ ಹುಳುವಿಗೆ ವಿಷವಾಗತಕ್ಕ ಪದಾರ್ಥವನ್ನು ಗಿಡವು ತಾನೇ ತಯಾರಿಸಿಕೊಳ್ಳುತ್ತದೆ. ಇದೇ ರೀತಿಯಲ್ಲಿ ಮುಸುಕಿನ ಜೋಳದ ಕಾಂಡಕೊರಕ ಹುಳುವನ್ನು ಕೊಲ್ಲುವುದಕ್ಕಾಗಿ ಮಾನ್ಸಾಂಟೊ ಕಂಪೆನಿಯವರು ತಯಾರಿಸಿದ ‘ಮಾನ್ ೮೧೦’ ಎಂಬ ಜೋಳಕ್ಕೆ ಯೂರೋಪಿನಲ್ಲಿ ೧೯೯೮ರಲ್ಲಿ ಅನುಮತಿ ದೊರೆಯಿತು. ಅಲ್ಲಿ ವ್ಯಾಪಾರಕ್ಕಾಗಿ ಬೆಳೆಯುತ್ತಿರುವ ಕುಲಾಂತರಿ ಪೈರು ಈ ಹೊತ್ತಿಗೂ ಇದೊಂದೇ. ೨೦೧೦ರಲ್ಲಿ ‘ಆಂಫ್ಲೋರ’ ಎಂಬ ಆಲೂಗೆಡ್ಡೆಗೂ ಅನುಮತಿಯಾಗಿತ್ತು. ಆದರೆ ಅದನ್ನು ತಯಾರಿಸಿದ ಕಂಪೆನಿಯವರೇ ೨೦೧೨ರಲ್ಲಿ ಯೂರೋಪಿನಲ್ಲಿ ಅದರ ಮಾರಾಟವನ್ನು ಕೈಬಿಟ್ಟರು, ಮತ್ತು ೨೦೧೩ರಲ್ಲಿ ಒಕ್ಕೂಟದ ನ್ಯಾಯಾಲಯವು ಆ ಅನುಮತಿಯನ್ನು ರದ್ದುಮಾಡಿತು.

ಯೂರೋಪಿನಲ್ಲಿ ತೊಡಕು ಹುಟ್ಟಿದ ಬಗೆ

ಯೂರೋಪು ಒಕ್ಕೂಟದಲ್ಲಿ ಸರಕುಗಳಿಗೆಲ್ಲಾ ಒಂದೇ ಮಾರುಕಟ್ಟೆ. ಒಂದು ದೇಶದಲ್ಲಿ ಮಾರಬಹುದಾದ ಬೀಜವನ್ನು ಇನ್ನೊಂದು ದೇಶದವರು ತಡೆಯಕೂಡದೆಂಬುದು ಅದರ ಮೂಲಸೂತ್ರ. ಈ ಸೂತ್ರಕ್ಕನುಸಾರವಾಗಿ ೨೦೦೧ ಮತ್ತು ೨೦೦೩ನೆಯ ಇಸವಿಗಳ ಕಾನೂನುಗಳು ಕುಲಾಂತರಿ ಬೀಜದ ಅನುಮತಿಯನ್ನು ಇಡೀ ಒಕ್ಕೂಟಕ್ಕೆ ಒಂದೇ ಕಡೆಯಿಂದ ಕೊಡತಕ್ಕ ಏರ್ಪಾಡನ್ನು ಮಾಡಿದುವು. ಇಟಲಿಯ ಪಾರ್ಮ ನಗರದಲ್ಲಿರುವ ಆಹಾರ ಸುರಕ್ಷತಾ ಸಂಸ್ಥೆಯ ಶಾಸ್ತ್ರಜ್ಞರು ಬೀಜವನ್ನು ಪರೀಕ್ಷಿಸಿ ಅಭಿಪ್ರಾಯವನ್ನು ಕೊಡುವರು. ಅನಂತರ ಎಲ್ಲಾ ದೇಶಗಳ ಪ್ರತಿನಿಧಿಗಳು ಮತ ಕೊಡುವರು. ಪರವಾಗಿಯಾಗಲಿ ವಿರೋಧವಾಗಿಯಾಗಲಿ ನಿಯಮದಲ್ಲಿ ಹೇಳಿರುವಷ್ಟು ಬಹುಮತವು ಬಾರದೆ ಹೋದರೆ, ತೀರ್ಮಾನವು ಬ್ರಸಲ್ಸಿನಲ್ಲಿರುವ ಆಯೋಗದ ಕೈಗೆ ಬರುವುದು.

ಕಾಗದದ ಮೇಲೆ ಈ ಏರ್ಪಾಡು ಅಂದವಾಗಿಯೇ ಇತ್ತು. ಆಚರಣೆಯಲ್ಲಿ ಮಾತ್ರ ಅದು ಮುಗ್ಗರಿಸಿತು. ಬಹುಮತವು ಯಾವ ಕಡೆಗೂ ಕೂಡಿಬರುತ್ತಿರಲಿಲ್ಲ. ೨೦೧೪ನೆಯ ಇಸವಿ ಫೆಬ್ರುವರಿಯಲ್ಲಿ ‘೧೫೦೭’ ಎಂಬ ಸಂಖ್ಯೆಯ ಇನ್ನೊಂದು ಕುಲಾಂತರಿ ಜೋಳದ ವಿಷಯವು ಮಂತ್ರಿಗಳ ಸಭೆಯ ಮುಂದೆ ಬಂದಾಗ, ಅಂದಿನ ೨೮ ದೇಶಗಳ ಪೈಕಿ ೧೯ ದೇಶಗಳು ಬೇಡವೆಂದುವು. ೫ ದೇಶಗಳು ಮಾತ್ರ ಬೇಕೆಂದುವು. ೪ ದೇಶಗಳು ತಟಸ್ಥವಾಗಿದ್ದುವು. ಹೀಗಿದ್ದರೂ ಮತಗಳ ತೂಕದ ಲೆಕ್ಕದಲ್ಲಿ ನಿರಾಕರಣೆಗೆ ಬೇಕಾದ ಬಹುಮತವು ಆಗಲಿಲ್ಲ. ನಿಯಮದ ಪ್ರಕಾರ ಆಯೋಗವು ಅನುಮತಿಯನ್ನು ಕೊಡಬೇಕಾದ ಸ್ಥಿತಿಯೇ ಒದಗಿತು. ಮೂರರಲ್ಲಿ ಎರಡು ಪಾಲು ದೇಶಗಳು ಒಲ್ಲೆವೆಂದ ಬೀಜವನ್ನು ಆ ದೇಶಗಳ ಹೊಲಗಳಿಗೇ ಕಳುಹಿಸತಕ್ಕ ಕಾನೂನು ಪ್ರಜೆಗಳ ವಿಶ್ವಾಸವನ್ನು ಪಡೆಯುವುದಾದರೂ ಹೇಗೆ?

ದೇಶಗಳಿಗೆ ಉಳಿದಿದ್ದ ಬಾಗಿಲು ಒಂದೇ: ಅಪಾಯವಿದೆಯೆಂದು ಹೊಸ ಶಾಸ್ತ್ರೀಯ ಸಾಕ್ಷ್ಯವನ್ನು ತೋರಿಸಿ ತಾತ್ಕಾಲಿಕವಾಗಿ ತಡೆಯುವುದು. ಆಸ್ಟ್ರಿಯ ದೇಶವು ೧೯೯೯ರಲ್ಲಿಯೇ ಹೀಗೆ ಮಾಡಿತು. ಫ್ರಾನ್ಸ್ ೨೦೦೮ರಲ್ಲಿ, ಜರ್ಮನಿ ೨೦೦೯ರಲ್ಲಿ ಮಾನ್ ೮೧೦ ಜೋಳದ ಬೇಸಾಯವನ್ನು ನಿಲ್ಲಿಸಿದುವು. ಆದರೆ ಈ ಬಾಗಿಲು ಬಹಳ ಇಕ್ಕಟ್ಟಾದುದು. ಗಣನೀಯವಾದ ಅಪಾಯವು ಸ್ಪಷ್ಟವಾಗಿರದ ಹೊರತು ಇಂಥ ತಡೆಯು ನಿಲ್ಲದೆಂದು ಒಕ್ಕೂಟದ ನ್ಯಾಯಾಲಯವು ೨೦೧೧ರಲ್ಲಿಯೂ ಮತ್ತೆ ೨೦೧೭ರಲ್ಲಿಯೂ ಹೇಳಿತು. ಅಮೆರಿಕ, ಕೆನಡ ಮತ್ತು ಅರ್ಜೆಂಟೀನ ದೇಶಗಳು ೨೦೦೩ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಕೊಟ್ಟ ದೂರಿನ ಮೇಲೆ ೨೦೦೬ರಲ್ಲಿ ಬಂದ ತೀರ್ಪೂ ಇದೇ ಜಾಡಿನದು. ಇದರ ಫಲವೇನಾಯಿತೆಂದರೆ, ತಮ್ಮ ನೆಲಕ್ಕೂ ಮಾರುಕಟ್ಟೆಗೂ ಈ ಬೀಜವು ಹೊಂದದೆಂಬ ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳಲು ಅವಕಾಶವಿಲ್ಲದ ದೇಶಗಳು, ಶಾಸ್ತ್ರದ ಮುಸುಕನ್ನು ಹೊದ್ದು ದುರ್ಬಲವಾದ ಸಾಕ್ಷ್ಯಗಳನ್ನು ಹುಡುಕತೊಡಗಿದುವು. ಶಾಸ್ತ್ರಕ್ಕೂ ಇದರಿಂದ ಗೌರವವು ಬರಲಿಲ್ಲ, ರೈತನಿಗೂ ನೆಮ್ಮದಿಯಾಗಲಿಲ್ಲ.

೨೦೧೫ನೆಯ ಇಸವಿಯ ಕಾನೂನು

ಈ ತೊಡಕನ್ನು ಬಿಡಿಸುವುದಕ್ಕಾಗಿ ಆಯೋಗವು ೨೦೧೦ನೆಯ ಇಸವಿ ಜುಲೈಯಲ್ಲಿ ಒಂದು ಸಲಹೆಯನ್ನು ಮುಂದಿಟ್ಟಿತು. ಐದು ವರ್ಷಗಳ ಚರ್ಚೆಯಾದ ಮೇಲೆ ೨೦೧೫ನೆಯ ಇಸವಿ ಮಾರ್ಚಿ ೧೧ರಂದು ಅದು ಕಾನೂನಾಗಿ, ಏಪ್ರಿಲ್ ೨ರಿಂದ ಜಾರಿಗೆ ಬಂದಿತು. ಅದರ ಸಾರಾಂಶವು ಹೀಗಿದೆ:

ಒಂದನೆಯದಾಗಿ, ಬೀಜದ ಸುರಕ್ಷತೆಯನ್ನು ಎಂದಿನಂತೆ ಇಡೀ ಒಕ್ಕೂಟಕ್ಕೆ ಒಂದೇ ಕಡೆ ಪರೀಕ್ಷಿಸತಕ್ಕದ್ದು. ಈ ಭಾಗದಲ್ಲಿ ಬದಲಾವಣೆಯಿಲ್ಲ.

ಎರಡನೆಯದಾಗಿ, ಅನುಮತಿಯ ಅರ್ಜಿಯು ವಿಚಾರಣೆಯಲ್ಲಿರುವಾಗಲೇ ಯಾವ ದೇಶವಾದರೂ ತನ್ನ ನೆಲವನ್ನು ಅನುಮತಿಯ ಎಲ್ಲೆಯಿಂದ ಹೊರಗಿಡಬೇಕೆಂದು ಕೇಳಬಹುದು. ಆ ಕೋರಿಕೆಯನ್ನು ಆಯೋಗವು ಬೀಜದ ಕಂಪೆನಿಗೆ ತಿಳಿಸುವುದು. ಮೂವತ್ತು ದಿನಗಳೊಳಗಾಗಿ ಕಂಪೆನಿಯವರು ಆಕ್ಷೇಪಿಸದಿದ್ದರೆ ಆ ದೇಶವು ಹೊರಗುಳಿಯುವುದು.

ಮೂರನೆಯದಾಗಿ, ಕಂಪೆನಿಯವರು ಒಪ್ಪದಿದ್ದರೆ ಅಥವಾ ಅನುಮತಿಯು ಆಗಲೇ ಆಗಿಹೋಗಿದ್ದರೆ, ದೇಶವು ತಾನೇ ನಿಷೇಧವನ್ನು ವಿಧಿಸಬಹುದು. ಅದಕ್ಕೆ ಕಾರಣಗಳನ್ನು ಹೇಳಬೇಕು: ಪರಿಸರ ನೀತಿ, ಊರು ಮತ್ತು ಭೂಮಿಯ ಉಪಯೋಗದ ಯೋಜನೆ, ಸಾಮಾಜಿಕ ಮತ್ತು ಆರ್ಥಿಕ ಪರಿಣಾಮ, ಇತರ ಪೈರುಗಳಲ್ಲಿ ಬೆರಕೆಯಾಗದಂತೆ ತಡೆಯುವುದು, ವ್ಯವಸಾಯ ನೀತಿ ಮುಂತಾದುವು. ಆದರೆ ಈ ಕಾರಣಗಳು ಸುರಕ್ಷತೆಯ ಪರೀಕ್ಷೆಯ ಫಲಿತಾಂಶಕ್ಕೆ ವಿರುದ್ಧವಾಗಿರಕೂಡದು. ನಿಷೇಧದ ಕರಡನ್ನು ಆಯೋಗಕ್ಕೆ ಕಳುಹಿಸಿ ಎಪ್ಪತ್ತೈದು ದಿನಗಳು ಕಾಯಬೇಕು.

ನಾಲ್ಕನೆಯದಾಗಿ, ಕುಲಾಂತರಿ ಪೈರನ್ನು ಬೆಳೆಯತಕ್ಕ ದೇಶಗಳು ೨೦೧೭ನೆಯ ಇಸವಿ ಏಪ್ರಿಲ್ ೩ರಿಂದ, ತಮ್ಮ ಗಡಿಯ ಹೊಲಗಳಿಂದ ನೆರೆಯ ದೇಶದ ಪೈರಿಗೆ ಬೆರಕೆಯು ತಗಲದಂತೆ ತಕ್ಕ ಏರ್ಪಾಡುಗಳನ್ನು ಮಾಡತಕ್ಕದ್ದು.

ಆಗಲೇ ಅನುಮತಿಯಾಗಿದ್ದ ಮತ್ತು ವಿಚಾರಣೆಯಲ್ಲಿದ್ದ ಬೀಜಗಳಿಗೆ ಸಂಬಂಧಿಸಿದಂತೆ ೨೦೧೫ನೆಯ ಇಸವಿ ಅಕ್ಟೋಬರ್ ೩ರ ವರೆಗೆ ವಾಯಿದೆಯನ್ನು ಕೊಟ್ಟಿದ್ದರು. ಅಷ್ಟರೊಳಗೆ ೧೭ ದೇಶಗಳು ತಮ್ಮ ಇಡೀ ನೆಲವನ್ನು ಹೊರಗಿಡಬೇಕೆಂದು ಕೇಳಿದುವು. ಜರ್ಮನಿ, ಫ್ರಾನ್ಸ್, ಇಟಲಿ, ಪೋಲೆಂಡ್, ಹಂಗೇರಿ, ಆಸ್ಟ್ರಿಯ, ಗ್ರೀಸ್, ಹಾಲೆಂಡ್ ಮೊದಲಾದುವು ಇವುಗಳಲ್ಲಿ ಸೇರಿದ್ದುವು. ಜರ್ಮನಿಯು ಸಂಶೋಧನೆಯ ಬೇಸಾಯವನ್ನು ಮಾತ್ರ ಬಿಟ್ಟುಕೊಂಡಿತು. ಇವಲ್ಲದೆ ಬೆಲ್ಜಿಯಮ್ಮಿನ ವಲ್ಲೋನಿಯ ಪ್ರಾಂತವೂ, ಆಗ ಒಕ್ಕೂಟದಲ್ಲಿದ್ದ ಬ್ರಿಟನ್ನಿನ ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ಸೀಮೆಗಳೂ ಹಾಗೆಯೇ ಕೇಳಿದುವು. ಇಂಗ್ಲೆಂಡು ಕೇಳಲಿಲ್ಲ. ಒಂದೇ ರಾಜ್ಯದೊಳಗೆ ಪ್ರಾಂತಗಳು ಬೇರೆ ಬೇರೆ ತೀರ್ಮಾನವನ್ನು ಮಾಡಬಹುದೆಂಬುದಕ್ಕೆ ಇದು ನಿದರ್ಶನ. ಕಂಪೆನಿಯವರು ಆಕ್ಷೇಪಿಸಲಿಲ್ಲವಾದ್ದರಿಂದ ೨೦೧೬ನೆಯ ಇಸವಿ ಮಾರ್ಚಿಯಲ್ಲಿ ಆಯೋಗವು ಮಾನ್ ೮೧೦ ಜೋಳದ ಅನುಮತಿಯಿಂದ ಈ ಎಲ್ಲಾ ಸೀಮೆಗಳನ್ನೂ ಹೊರಗಿಟ್ಟಿತು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಬೆಳೆಯುವುದನ್ನು ಮುಂದುವರಿಸಿದುವು.

ಈ ಅಧಿಕಾರವು ಏಕೆ ನ್ಯಾಯವಾದುದು?

ಬೀಜವು ತಿನ್ನುವುದಕ್ಕೆ ಸುರಕ್ಷಿತವೇ ಎಂಬುದು ಒಂದು ಪ್ರಶ್ನೆ. ಅದು ಈ ಸೀಮೆಗೆ ಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರವು ಸ್ಪೇನಿನಲ್ಲಿಯೂ ಡೆನ್ಮಾರ್ಕಿನಲ್ಲಿಯೂ ಒಂದೇ ಆಗಿರಬೇಕು. ಏಕೆಂದರೆ ಮನುಷ್ಯನ ಹೊಟ್ಟೆ ಎಲ್ಲೆಡೆಯೂ ಒಂದೇ. ಎರಡನೆಯದಕ್ಕೆ ಉತ್ತರವು ಒಂದೇ ಆಗಿರಬೇಕೆಂಬುದು ಬೇಸಾಯವನ್ನು ಬಲ್ಲವರ ಮಾತಲ್ಲ.

ಸ್ಪೇನಿನ ಎಬ್ರೊ ನದಿಯ ಬಯಲಿನಲ್ಲಿ ಕಾಂಡಕೊರಕದ ಹಾವಳಿಯು ಬಲು ಹೆಚ್ಚು. ಹುಳುವು ದಂಟಿನೊಳಕ್ಕೆ ಹೊಕ್ಕ ಮೇಲೆ ಔಷಧಿಯ ಸಿಂಪಡಿಕೆಯು ಅದಕ್ಕೆ ತಾಕದು. ದಂಟು ಮುರಿದು ಬೀಳುವುದು, ತೆನೆಗೆ ಬೂಷ್ಟು ಹಿಡಿಯುವುದು. ಅಲ್ಲಿಯ ರೈತರು ಹೆಚ್ಚು ಬೆಲೆಯನ್ನು ಕೊಟ್ಟು ಮಾನ್ ೮೧೦ ಬೀಜವನ್ನು ಕೊಳ್ಳುವುದಕ್ಕೆ ಅರ್ಥವುಂಟು. ೨೦೧೫ರಲ್ಲಿ ಸ್ಪೇನಿನಲ್ಲಿ ಇದರ ವಿಸ್ತೀರ್ಣವು ಒಂದು ಲಕ್ಷ ಹೆಕ್ಟೇರಿಗೆ ತುಸು ಮೇಲಿತ್ತು. ಚಳಿ ಹೆಚ್ಚಾದ ಉತ್ತರದ ಸೀಮೆಗಳಲ್ಲಿಯಾದರೋ ಈ ಹುಳುವಿನ ಕಾಟವು ಅಷ್ಟಿಲ್ಲ. ಇಲ್ಲದ ರೋಗಕ್ಕೆ ಮದ್ದನ್ನು ಕೊಂಡು, ಅದರ ಜೊತೆಗೆ ಬೆರಕೆಯ ತೊಂದರೆಯನ್ನೂ ತಲೆಯ ಮೇಲೆ ಎಳೆದುಕೊಳ್ಳುವುದು ಅಲ್ಲಿಯ ರೈತನಿಗೆ ಲಾಭವಲ್ಲ.

ಹಂಗೇರಿಯ ಸ್ಥಿತಿಯು ಬೇರೆ. ಅದು ಮುಸುಕಿನ ಜೋಳದ ಬಿತ್ತನೆ ಬೀಜವನ್ನು ಬೆಳೆದು ಹೊರದೇಶಗಳಿಗೆ ಮಾರತಕ್ಕ ದೇಶ. ಜೋಳದ ಪರಾಗವು ಗಾಳಿಯಲ್ಲಿ ಹಾರತಕ್ಕದ್ದೆಂಬುದನ್ನು ರೈತರೆಲ್ಲರೂ ಬಲ್ಲರು. ಬೀಜದ ಹೊಲಕ್ಕೆ ಕುಲಾಂತರಿ ಪರಾಗವು ಬಿದ್ದರೆ ಬೀಜದ ಶುದ್ಧಿಯು ಕೆಟ್ಟು, ಕೊಳ್ಳತಕ್ಕವರು ಹಿಂಜರಿಯುವರು. ಕುಲಾಂತರಿ ಜೀವಿಗಳಿಂದ ಮುಕ್ತವಾದ ವ್ಯವಸಾಯವೆಂಬ ಮಾತನ್ನು ಆ ದೇಶದವರು ೨೦೧೧ರ ತಮ್ಮ ರಾಜ್ಯಾಂಗದಲ್ಲಿಯೇ ಬರೆದುಕೊಂಡಿದ್ದಾರೆ. ಆಸ್ಟ್ರಿಯದಲ್ಲಿ ೧೯೯೭ರಲ್ಲಿ ಕುಲಾಂತರಿ ವಿರೋಧದ ಮನವಿಗೆ ಹನ್ನೆರಡು ಲಕ್ಷಕ್ಕೂ ಮೇಲ್ಪಟ್ಟು ಜನರು ರುಜು ಮಾಡಿದರು. ಕೊಳ್ಳತಕ್ಕವನ ಮನಸ್ಸೂ ಮಾರುಕಟ್ಟೆಯ ಒಂದು ವಾಸ್ತವಾಂಶವೇ ಆಗಿದೆ. ರೈತನು ಅದನ್ನು ಅಲಕ್ಷ್ಯಮಾಡಿ ಬದುಕಲಾರನು.

ಬೆರಕೆಯ ನಷ್ಟವು ಬರಿಯ ಊಹೆಯಲ್ಲ. ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಪ್ರಯೋಗದ ಹೊಲದಲ್ಲಿ ಬೆಳೆದಿದ್ದ ಮಾನ್ ೮೧೦ ಜೋಳದ ಪರಾಗವು ಸಮೀಪದ ಜೇನುಗೂಡುಗಳಿಗೆ ಸೇರಿತು. ಅಂಥ ಜೇನುತುಪ್ಪವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಮಾರಕೂಡದೆಂದು ಒಕ್ಕೂಟದ ನ್ಯಾಯಾಲಯವು ೨೦೧೧ರಲ್ಲಿ ತೀರ್ಪುಕೊಟ್ಟಿತು. ಪರಾಗವು ಜೇನಿನ ಸಹಜವಾದ ಅಂಶವೆಂದು ೨೦೧೪ರಲ್ಲಿ ಕಾನೂನನ್ನು ತಿದ್ದಿದರೂ, ಆ ಮಧ್ಯಕಾಲದಲ್ಲಿ ಜೇನು ಸಾಕುವವನ ಸ್ಥಿತಿಯನ್ನು ಯೋಚಿಸಬೇಕು. ತಾನು ಬಿತ್ತದ ಬೀಜದಿಂದ, ತನ್ನದಲ್ಲದ ಹೊಲದಿಂದ, ತನ್ನ ಸರಕು ಮಾರಾಟಕ್ಕೆ ಬಾರದಂತಾಯಿತು. ಇಂಥ ನಷ್ಟವು ವಿಷಪರೀಕ್ಷೆಯ ಕೊಠಡಿಯಲ್ಲಿ ಕಾಣತಕ್ಕದ್ದಲ್ಲ, ಸ್ಥಳದಲ್ಲಿಯೇ ಕಾಣತಕ್ಕದ್ದು. ಸ್ಥಳದಲ್ಲಿ ಕಾಣತಕ್ಕ ನಷ್ಟಕ್ಕೆ ಸ್ಥಳದ ಸರ್ಕಾರವೇ ಹೊಣೆಯಾಗಬೇಕಾದುದರಿಂದ, ತೀರ್ಮಾನದ ಅಧಿಕಾರವೂ ಅದಕ್ಕೇ ಇರುವುದು ಯುಕ್ತವಾಗಿದೆ.

ಆಕ್ಷೇಪಣೆಗಳು

ಇದಕ್ಕೆ ವಿರುದ್ಧವಾಗಿ ಹೇಳತಕ್ಕವರ ಮಾತುಗಳು ತಳ್ಳಿಹಾಕತಕ್ಕುವಲ್ಲ. ಶಾಸ್ತ್ರಜ್ಞರು ಸುರಕ್ಷಿತವೆಂದ ಮೇಲೆ ರಾಜಕೀಯದವರು ನಿಷೇಧಿಸಿದರೆ, ಶಾಸ್ತ್ರದ ಬೆಲೆಯೇನಾಯಿತು ಎಂದು ಕೆಲವರು ಕೇಳುವರು. ೨೦೧೫ರ ಕಾನೂನಿನಲ್ಲಿಯೇ ಇದಕ್ಕೆ ಉತ್ತರವಿದೆ. ನಿಷೇಧದ ಕಾರಣವು ಸುರಕ್ಷತೆಯ ಪರೀಕ್ಷೆಗೆ ವಿರುದ್ಧವಾಗಿರಕೂಡದೆಂದು ವಿಧಿಸಿರುವುದರಿಂದ, ಬೀಜವು ವಿಷವೆಂದು ಸುಳ್ಳುಹೇಳಿ ತಡೆಯುವ ಅಗತ್ಯವೇ ಹೋಯಿತು. ನಮಗೆ ಈ ಬೀಜವು ಹೊಂದುವುದಿಲ್ಲವೆಂದು ನೇರವಾಗಿ ಹೇಳಬಹುದಾಯಿತು. ಇದರಿಂದ ಶಾಸ್ತ್ರವು ಶಾಸ್ತ್ರವಾಗಿಯೇ ಉಳಿಯುವುದು.

ಬೀಜವನ್ನು ಬಯಸತಕ್ಕ ರೈತನ ಸ್ವಾತಂತ್ರ್ಯವೇನಾಯಿತು ಎಂಬುದು ಇನ್ನೊಂದು ಆಕ್ಷೇಪಣೆ. ಇದು ಹೆಚ್ಚು ಬಲವುಳ್ಳದ್ದು. ದೇಶವು ನಿಷೇಧಿಸಿದಾಗ, ಹುಳುವಿನ ಕಾಟದಿಂದ ನಿಜವಾಗಿ ನಷ್ಟಪಡುತ್ತಿರುವ ಒಬ್ಬ ರೈತನಿಗೂ ಬೀಜವು ಸಿಕ್ಕದೆ ಹೋಗುವುದು. ಈ ದೋಷವನ್ನು ಪೂರ್ಣವಾಗಿ ನಿವಾರಿಸುವುದಾಗದು. ನಿಷೇಧಿಸತಕ್ಕ ಸರ್ಕಾರವು ಆ ರೈತನಿಗೆ ಬೇರೊಂದು ಉಪಾಯವನ್ನು ಒದಗಿಸಲು ಬದ್ಧವಾಗಿರಬೇಕೆಂದು ಮಾತ್ರ ಹೇಳಬಹುದು.

ಯೂರೋಪಿನ ಏರ್ಪಾಡಿನಲ್ಲಿ ಎರಡು ನಿಜವಾದ ಕೊರತೆಗಳು ಕಾಣುತ್ತವೆ. ಅರ್ಜಿಯ ಕಾಲದಲ್ಲಿ ಹೊರಗುಳಿಯಲು ಕೇಳತಕ್ಕ ದೇಶವು ಯಾವ ಕಾರಣವನ್ನೂ ಹೇಳಬೇಕಾಗಿಲ್ಲ. ಕಂಪೆನಿಯವರು ಸುಮ್ಮನಿದ್ದರೆ ಸಾಕು. ಒಂದು ದೇಶದ ಬೇಸಾಯದ ನೀತಿಯು ಬೀಜ ಮಾರತಕ್ಕವರ ಮೌನದ ಮೇಲೆ ನಿಲ್ಲುವುದು ಶೋಭಿಸದು. ಕಾರಣವನ್ನು ಬರೆಯದ ನಿಷೇಧವನ್ನು ಮುಂದೆ ಯಾರೂ ಪರಿಶೀಲಿಸಲಾರರು; ಇಂದು ಸರಿಯಾಗಿದ್ದದ್ದು ಹತ್ತು ವರ್ಷಗಳ ಮೇಲೂ ಸರಿಯೇ ಎಂದು ತಿಳಿಯುವ ಬಗೆಯೂ ಇರದು.

ಎರಡನೆಯ ಕೊರತೆಯು ಮೇವಿಗೆ ಸಂಬಂಧಪಟ್ಟದ್ದು. ತಮ್ಮ ಹೊಲದಲ್ಲಿ ಕುಲಾಂತರಿ ಪೈರು ಬೇಡವೆಂದ ದೇಶಗಳೇ ತಮ್ಮ ಹಂದಿ, ಕೋಳಿ, ದನಗಳಿಗಾಗಿ ಅಮೆರಿಕ ಖಂಡಗಳಿಂದ ವರ್ಷವರ್ಷವೂ ಬಹು ದೊಡ್ಡ ಪ್ರಮಾಣದಲ್ಲಿ ಸೋಯಾ ಅವರೆಯನ್ನೂ ಅದರ ಹಿಂಡಿಯನ್ನೂ ತರಿಸಿಕೊಳ್ಳುತ್ತವೆ. ಅದರಲ್ಲಿ ಹೆಚ್ಚಿನ ಪಾಲು ಕುಲಾಂತರಿಯೇ. ಆಮದನ್ನೂ ಆಯಾ ದೇಶವೇ ತಡೆಯಬಹುದೆಂಬ ಇನ್ನೊಂದು ಸಲಹೆಯನ್ನು ಆಯೋಗವು ೨೦೧೫ನೆಯ ಇಸವಿ ಏಪ್ರಿಲಿನಲ್ಲಿ ತಂದಿತು. ಒಕ್ಕೂಟದ ಪಾರ್ಲಿಮೆಂಟು ಅದೇ ವರ್ಷ ಅಕ್ಟೋಬರಿನಲ್ಲಿ ಅದನ್ನು ನಿರಾಕರಿಸಿತು. ಒಂದೇ ಮಾರುಕಟ್ಟೆಯಲ್ಲಿ ಅದು ನಡೆಯತಕ್ಕ ಮಾತಲ್ಲವೆಂಬುದು ನಿಜ. ಆದರೂ, ಬೆಳೆಯುವುದು ಬೇಡ, ಬೆಳೆದದ್ದನ್ನು ಕೊಳ್ಳುವುದು ಬೇಕು ಎಂಬ ನಡತೆಯನ್ನು ಅವರ ರೈತರಿಗೆ ವಿವರಿಸಿ ಹೇಳಬೇಕಾದ ಭಾರವು ಆ ಸರ್ಕಾರಗಳ ಮೇಲಿದೆ.

ನಮ್ಮ ದೇಶದ ಸ್ಥಿತಿ

ಈಗ ನಮ್ಮ ಕಡೆಗೆ ತಿರುಗಿ ನೋಡೋಣ. ನಮ್ಮ ರಾಜ್ಯಾಂಗದ ಏಳನೆಯ ಅನುಸೂಚಿಯಲ್ಲಿ ವ್ಯವಸಾಯವೂ, ಕೀಟಗಳಿಂದ ಪೈರನ್ನು ರಕ್ಷಿಸುವುದೂ ರಾಜ್ಯಗಳ ಪಟ್ಟಿಯಲ್ಲಿ ಸೇರಿವೆ. ಆದರೆ ಕುಲಾಂತರಿ ಬೀಜದ ಅನುಮತಿಯು ೧೯೮೬ರ ಪರಿಸರ ಸಂರಕ್ಷಣಾ ಕಾನೂನಿನ ಅಡಿಯಲ್ಲಿ ೧೯೮೯ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಕೇಂದ್ರದ ಪರಿಸರ ಮಂತ್ರಿಶಾಖೆಗೆ ಸೇರಿದ ಸಮಿತಿಯ ಮೂಲಕ ನಡೆಯುತ್ತದೆ. ಬೀಜವನ್ನು ಬಿಡುವವರು ಒಬ್ಬರು. ಬಿಟ್ಟ ಮೇಲೆ ಹೊಲದಲ್ಲಿ ಅದರ ಯೋಗಕ್ಷೇಮವನ್ನು ನೋಡಿಕೊಳ್ಳತಕ್ಕವರು ಇನ್ನೊಬ್ಬರು.

ಇದರ ಪರಿಣಾಮವನ್ನು ಬಿ.ಟಿ. ಹತ್ತಿಯಲ್ಲಿ ನೋಡಬಹುದು. ೨೦೦೨ನೆಯ ಇಸವಿ ಮಾರ್ಚಿಯಲ್ಲಿ ಅದಕ್ಕೆ ಅನುಮತಿಯಾಯಿತು. ಮೊದಲು ಬಿಡುಗಡೆಯಾದ ಸೀಮೆಗಳಲ್ಲಿ ಕರ್ನಾಟಕವೂ ಒಂದು. ಮೊದಲ ವರ್ಷಗಳಲ್ಲಿ ಕಾಯಿಕೊರಕದ ಹಾವಳಿಯು ತಗ್ಗಿ ರೈತರಿಗೆ ಉಪಕಾರವಾಯಿತೆಂಬುದನ್ನು ಮರೆಯಲಾಗದು. ಇಂದು ದೇಶದ ಹತ್ತಿಯ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅದೇ ಇದೆ. ಆದರೆ ಹುಳುವು ವಿಷಕ್ಕೆ ಒಗ್ಗಿಹೋಗದಂತೆ, ಹೊಲದ ಅಂಚಿನಲ್ಲಿ ಬಿ.ಟಿ. ಅಲ್ಲದ ಹತ್ತಿಯನ್ನು ಆಶ್ರಯ ಬೆಳೆಯಾಗಿ ಹಾಕಬೇಕೆಂಬ ನಿಯಮವಿತ್ತು. ಅದಕ್ಕಾಗಿ ೪೫೦ ಗ್ರಾಮಿನ ಪೊಟ್ಟಣದ ಜೊತೆಗೆ ೧೨೦ ಗ್ರಾಮಿನ ಚಿಕ್ಕ ಪೊಟ್ಟಣವೊಂದನ್ನು ಇಡುತ್ತಿದ್ದರು. ಆ ಚಿಕ್ಕ ಪೊಟ್ಟಣವು ಬಿಚ್ಚದೆಯೇ ಬದುವಿನ ಮೇಲೆ ಬಿದ್ದಿರುವುದನ್ನು ಹತ್ತಿಯ ಸೀಮೆಯಲ್ಲಿ ತಿರುಗಿದ ಈ ಲೇಖಕನು ಅನೇಕ ಸಾರಿ ಕಂಡಿದ್ದಾನೆ. ಎರಡು ಮೂರು ಎಕರೆಯ ರೈತನು ಹುಳು ತಿನ್ನಲೆಂದು ನಾಲ್ಕು ಸಾಲನ್ನು ಬಿಟ್ಟುಕೊಡುವನೆಂದು ನಿರೀಕ್ಷಿಸಿದ್ದೇ ನಮ್ಮ ಹಿಡುವಳಿಗಳ ಸ್ಥಿತಿಯನ್ನು ಅರಿಯದ ಮಾತು. ಗುಲಾಬಿ ಕಾಯಿಕೊರಕವು ಮೊದಲನೆಯ ವಿಷಕ್ಕೆ ಒಗ್ಗಿಕೊಂಡುದು ೨೦೧೦ರಲ್ಲಿ ಗುಜರಾತಿನಿಂದ ವರದಿಯಾಯಿತು. ಮುಂದೆ ಎರಡು ವಿಷಗಳುಳ್ಳ ಬೀಜಕ್ಕೂ ಅದು ಒಗ್ಗಿಕೊಂಡಿತು. ಅನುಮತಿಯನ್ನು ಕೊಡುವಾಗಲೇ ರಾಜ್ಯಗಳ ವ್ಯವಸಾಯ ಇಲಾಖೆಗಳನ್ನು ಕೇಳಿ, ಈ ನಿಯಮವು ನಡೆಯತಕ್ಕದ್ದೇ ಎಂದು ವಿಚಾರಿಸಿದ್ದಲ್ಲಿ ಬೇರೊಂದು ಉಪಾಯವನ್ನು ಮೊದಲೇ ಹುಡುಕಬಹುದಾಗಿತ್ತು.

ಬದನೆಯ ವಿಷಯದಲ್ಲಿ ನಡೆದದ್ದು ಬೇರೆ. ಬಿ.ಟಿ. ಬದನೆಗೆ ೨೦೦೯ನೆಯ ಇಸವಿ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿಯು ಒಪ್ಪಿಗೆಯನ್ನು ಕೊಟ್ಟಿತು. ಆ ಕೆಲಸದಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಭಾಗಿಯಾಗಿತ್ತು. ಅನಂತರ ಪರಿಸರ ಮಂತ್ರಿಗಳಾಗಿದ್ದ ಶ್ರೀ ಜೈರಾಮ್ ರಮೇಶ್ ಅವರು ಏಳು ನಗರಗಳಲ್ಲಿ ಸಾರ್ವಜನಿಕ ವಿಚಾರಣೆಯನ್ನು ನಡೆಸಿದರು. ಕೊನೆಯದು ೨೦೧೦ನೆಯ ಇಸವಿ ಫೆಬ್ರುವರಿ ೬ರಂದು ಬೆಂಗಳೂರಿನಲ್ಲಿ ನಡೆಯಿತು. ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯ ಸರ್ಕಾರಗಳು ಅವಸರ ಬೇಡವೆಂದುವು. ಫೆಬ್ರುವರಿ ೯ರಂದು ಬಿಡುಗಡೆಯು ತಡೆಯಲ್ಪಟ್ಟಿತು. ಬದನೆಯು ನಮ್ಮ ದೇಶದಲ್ಲಿ ನೂರಾರು ನಾಟಿ ತಳಿಗಳುಳ್ಳ ತರಕಾರಿ. ಉಡುಪಿಯ ಮಟ್ಟುಗುಳ್ಳದಂಥ ತಳಿಗೆ ಅದರ ಊರಿನ ಹೆಸರೇ ಬೆಲೆ. ಇಂಥ ತಳಿಯಲ್ಲಿ ಬೆರಕೆಯಾದರೆ ಆಗತಕ್ಕ ನಷ್ಟವನ್ನು ಉಡುಪಿಯವರು ಬಲ್ಲಷ್ಟು ದೆಹಲಿಯವರು ಬಲ್ಲರೇ? ನೆರೆಯ ಬಂಗ್ಲಾದೇಶವು ೨೦೧೩ರಲ್ಲಿ ಅದೇ ಬಿ.ಟಿ. ಬದನೆಗೆ ಅನುಮತಿಯನ್ನು ಕೊಟ್ಟಿತು. ಅವರ ಕಾಯಿಕೊರಕದ ಕಷ್ಟವನ್ನು ಅವರು ಅಳೆದುಕೊಂಡರು. ಅದು ಅವರ ಹಕ್ಕು.

ಆ ತಡೆಯಾದ ಮೇಲೆ ಪ್ರಯೋಗದ ಬೇಸಾಯಕ್ಕೂ ರಾಜ್ಯ ಸರ್ಕಾರದ ಒಪ್ಪಿಗೆಯು ಬೇಕೆಂಬ ಪದ್ಧತಿಯು ೨೦೧೧ರಿಂದ ಬಂದಿತು. ಇದು ಒಳ್ಳೆಯದೇ, ಆದರೆ ಒಪ್ಪಿಗೆಯನ್ನು ಯಾವ ಕಾರಣಗಳ ಮೇಲೆ ಕೊಡಬೇಕು, ಯಾವುದರ ಮೇಲೆ ನಿರಾಕರಿಸಬೇಕು ಎಂಬುದು ಎಲ್ಲಿಯೂ ಖಚಿತವಾಗಿಲ್ಲ. ಕಾರಣವಿಲ್ಲದ ನಿರಾಕರಣೆಯಿಂದ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನೆಯೂ ನಿಂತುಹೋಗಬಹುದು.

ಕುಲಾಂತರಿ ಸಾಸಿವೆಯ ಬಿಡುಗಡೆಗೆ ೨೦೨೨ನೆಯ ಇಸವಿ ಅಕ್ಟೋಬರಿನಲ್ಲಿ ಕೊಟ್ಟ ಒಪ್ಪಿಗೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಾಭಿಪ್ರಾಯಪಟ್ಟರೂ, ರಾಷ್ಟ್ರನೀತಿಯನ್ನು ರಚಿಸಬೇಕೆಂಬುದರಲ್ಲಿಯೂ, ಅದರಲ್ಲಿ ರಾಜ್ಯ ಸರ್ಕಾರಗಳನ್ನೂ ರೈತರ ಪ್ರತಿನಿಧಿಗಳನ್ನೂ ಕೇಳಬೇಕೆಂಬುದರಲ್ಲಿಯೂ ಒಂದೇ ಮಾತಾಗಿದ್ದಾರೆ. ಕೇಳುವುದೆಂದರೆ ಏನೆಂಬುದು ಈ ನೀತಿಯಲ್ಲಿ ಸ್ಪಷ್ಟವಾಗಬೇಕು.

ಈ ಲೇಖಕನ ಸಲಹೆಗಳು

ಯೂರೋಪಿನವರ ಗುಣವನ್ನು ತೆಗೆದುಕೊಂಡು ದೋಷವನ್ನು ಬಿಟ್ಟು, ನಮ್ಮಲ್ಲಿ ಹೀಗೆ ಮಾಡಬಹುದೆಂದು ತೋರುತ್ತದೆ:

(೧) ಬೀಜದ ಸುರಕ್ಷತೆಯ ಪರೀಕ್ಷೆಯು ಇಡೀ ದೇಶಕ್ಕೆ ಒಂದೇ ಆಗಿರಲಿ. ಅದರ ಫಲಿತಾಂಶವನ್ನು ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ರೈತನು ಓದಿ ತಿಳಿಯುವಂತೆ ಪ್ರಕಟಿಸಲಿ.

(೨) ಸುರಕ್ಷಿತವೆಂದು ತೀರ್ಮಾನವಾದ ಬೀಜವನ್ನೂ ತನ್ನ ಸೀಮೆಯಲ್ಲಿ ಬಿತ್ತಕೂಡದೆನ್ನುವ ಅಧಿಕಾರವು ರಾಜ್ಯಕ್ಕಿರಲಿ. ಆದರೆ ಆ ನಿಷೇಧಕ್ಕೆ ಕಾರಣಗಳನ್ನು ಬರೆದು ಪ್ರಕಟಿಸತಕ್ಕದ್ದು. ಅದಕ್ಕೊಂದು ಅವಧಿಯನ್ನು ನಿಗದಿಮಾಡತಕ್ಕದ್ದು. ಐದು ವರ್ಷಗಳಾದ ಮೇಲೆ ಪುನಃ ಪರಿಶೀಲಿಸತಕ್ಕದ್ದು.

(೩) ಸಂಶೋಧನೆಯ ಹೊಲಗಳನ್ನು, ತಕ್ಕ ಅಂತರವನ್ನೂ ಕಾವಲನ್ನೂ ಇಟ್ಟು, ನಿಷೇಧದಿಂದ ಹೊರಗಿಡಲಿ. ತಿಳಿವಳಿಕೆಯನ್ನೇ ನಿಷೇಧಿಸಿದರೆ ಮುಂದೆ ಪರಿಶೀಲಿಸುವುದಕ್ಕೆ ಆಧಾರವೇ ಇರದು.

(೪) ಬೆಳೆಯಲು ಒಪ್ಪಿದ ರಾಜ್ಯವು ಗಡಿಯ ತಾಲ್ಲೂಕುಗಳಲ್ಲಿ ಬೆರಕೆಯನ್ನು ತಡೆಯತಕ್ಕ ಅಂತರವನ್ನು ಕಾಯಲಿ. ಬೆರಕೆಯಿಂದ ನಷ್ಟವಾದ ರೈತನಿಗೆ ಪರಿಹಾರವನ್ನು ಯಾರು ಕೊಡಬೇಕೆಂಬುದನ್ನು ಬೀಜವು ಬಿಡುಗಡೆಯಾಗುವ ಮೊದಲೇ ಗೊತ್ತುಪಡಿಸಲಿ.

(೫) ನಿಷೇಧಿಸತಕ್ಕ ರಾಜ್ಯವು ಹುಳುವಿನ ಕಾಟಕ್ಕೆ ಬೇರೆ ಉಪಾಯವನ್ನು ಒದಗಿಸಲು ಹಣವನ್ನೂ ಸಿಬ್ಬಂದಿಯನ್ನೂ ಮೀಸಲಿಡಲಿ.

(೬) ಆಮದಿನ ವಿಷಯದಲ್ಲಿ ಮರೆಮಾಚುವಿಕೆಯು ಬೇಡ. ೨೦೨೧ನೆಯ ಇಸವಿ ಆಗಸ್ಟಿನಲ್ಲಿ ನಮ್ಮ ದೇಶವೂ ಕೋಳಿಯ ಮೇವಿಗಾಗಿ ೧೨ ಲಕ್ಷ ಟನ್ನು ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಿಕೊಳ್ಳಲು ಅನುಮತ��ಸಿತು. ಇಂಥ ಸಂಗತಿಗಳನ್ನು ಜನರಿಗೆ ತಿಳಿಸಿಯೇ ನೀತಿಯನ್ನು ರಚಿಸಬೇಕು.

ಇವುಗಳಲ್ಲಿ ಯಾವುದೂ ಬೀಜದ ತಪಾಸಣೆಯಿಲ್ಲದೆ ಸಾಗದು. ಅನುಮತಿಯಿಲ್ಲದ, ಕಳೆನಾಶಕವನ್ನು ತಡೆಯತಕ್ಕ ಹತ್ತಿಯ ಬೀಜವು ಹಲವು ಸೀಮೆಗಳಲ್ಲಿ ಗುಟ್ಟಾಗಿ ಮಾರಾಟವಾಗುತ್ತಿದೆ. ೨೦೧೯ರಲ್ಲಿ ಹರಿಯಾಣದಲ್ಲಿ, ತಡೆಯಿದ್ದ ಬಿ.ಟಿ. ಬದನೆಯೇ ಹೊಲದಲ್ಲಿ ಬೆಳೆದಿದ್ದು ಪತ್ತೆಯಾಗಿ, ಪೈರನ್ನು ಕಿತ್ತುಹಾಕಬೇಕಾಯಿತು. ಆ ಹೊಲದವನಿಗೆ ಬೀಜವನ್ನು ಮಾರಿದವನು ದುಡ್ಡನ್ನು ಎಣಿಸಿಕೊಂಡು ಹೋಗಿದ್ದನು. ನಷ್ಟವು ರೈತನ ಪಾಲಿಗೆ ಉಳಿಯಿತು. ಹೋಬಳಿಯ ಅಂಗಡಿಯಲ್ಲಿ ಬೀಜದ ಮಾದರಿಯನ್ನು ತೆಗೆದು ಬೇಗನೆ ಪರೀಕ್ಷಿಸತಕ್ಕ ಏರ್ಪಾಡಿಲ್ಲದಿದ್ದರೆ, ನಿಷೇಧದ ಅಧಿಕಾರವು ದೆಹಲಿಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ ಫಲವೊಂದೇ.

ರೈತ ಬಾಂಧವರಲ್ಲಿ ಒಂದು ವಿಜ್ಞಾಪನೆ. ಬೀಜವನ್ನು ಕೊಳ್ಳುವಾಗ ರಸೀತಿಯನ್ನು ತಪ್ಪದೆ ಪಡೆಯಿರಿ. ಪೊಟ್ಟಣದ ಚೀಟಿಯನ್ನೂ ಸ್ವಲ್ಪ ಬೀಜವನ್ನೂ ಫಸಲು ಮನೆಗೆ ಬರುವ ವರೆಗೆ ಜೋಪಾನವಾಗಿಡಿ. ಹೆಸರಿಲ್ಲದ ಪೊಟ್ಟಣದ ಬೀಜವನ್ನು ಎಷ್ಟೇ ಹೊಗಳಿ ಕೊಟ್ಟರೂ ಕೊಳ್ಳಬೇಡಿ. ರಾಷ್ಟ್ರನೀತಿಯ ವಿಷಯದಲ್ಲಿ ರಾಜ್ಯ ಸರ್ಕಾರವು ತನ್ನ ಅಭಿಪ್ರಾಯವನ್ನು ಹೇಳಬೇಕಾದಾಗ, ಅದಕ್ಕೆ ಆಧಾರವಾಗತಕ್ಕದ್ದು ನಿಮ್ಮ ಅನುಭವವೇ. ಬಿ.ಟಿ. ಹತ್ತಿಯಿಂದ ಲಾಭವನ್ನು ಪಡೆದವರೂ, ನಷ್ಟವನ್ನು ಕಂಡವರೂ ತಮ್ಮ ಹೊಲದ ಲೆಕ್ಕವನ್ನು ಬರೆದು ಸಮೀಪದ ರೈತ ಸಂಪರ್ಕ ಕೇಂದ್ರಕ್ಕೆ ಕೊಡಬೇಕೆಂದೂ, ಮೇಲಿನ ಸಲಹೆಗಳಲ್ಲಿ ಒಪ್ಪಿಗೆಯಾಗದಿರುವುದನ್ನು ಕಾರಣಸಹಿತವಾಗಿ ತಿಳಿಸಬೇಕೆಂದೂ ಕೋರಲಾಗಿದೆ.